ಎಲೆಯಡಿಕೆಯ ಕೆಂಪೋ, ರಕ್ತದ ಕೆಂಪೋ?

ಪುತ್ತೂರು ಪೇಟೆಯಲ್ಲಿ ಯಾವ ಮೂಲೆಗೆ ನಿಂತರೂ ಕಣ್ಣಿಗೆ ಕೆಂಪು ಬೀಳುತ್ತದೆ. ಕಂಬದ ಬುಡ ಕೆಂಪು, ಚರಂಡಿಯ ಬದಿ ಕೆಂಪು, ‘ಇಲ್ಲಿ ಉಗುಳಬಾರದು’ ಎಂಬ ಬೋರ್ಡಿನ ಕೆಳಗೆ ಇನ್ನೂ ಸ್ವಲ್ಪ ಜಾಸ್ತಿಯೇ ಕೆಂಪು. ಅಡಿಕೆಯ ಊರು ನಮ್ಮದು. ಉಗುಳುವವರನ್ನು ನಗರಸಭೆ ಏನು ಮಾಡಬೇಕು ಎಂಬುದು ಇವತ್ತಿನ ವಿಷಯವಲ್ಲ. ಇವತ್ತು ಕೇಳಬೇಕಾದ ಪ್ರಶ್ನೆ ಬೇರೆ. ದಿನಾ ಕೆಂಪು ಉಗುಳುವ ಬಾಯಿಯಿಂದ ಒಂದು ದಿನ ನಿಜವಾದ ರಕ್ತವೇ ಬಂದರೆ ಗುರುತು ಹಿಡಿಯುವುದು ಹೇಗೆ?

ತಮಾಷೆಯ ಪ್ರಶ್ನೆ ಅಲ್ಲ ಮಾರಾಯ್ರೆ. ಅನ್ನನಾಳದ ಕ್ಯಾನ್ಸರ್ ಎಂಬ ರೋಗದಲ್ಲಿ ಮನುಷ್ಯನ ಪ್ರಾಣ ಈ ಪ್ರಶ್ನೆಯ ಮೇಲೆ ನಿಲ್ಲುವುದುಂಟು.

ಒಬ್ಬ ಅಂಗಡಿಯವರು ಎಂದಿಟ್ಟುಕೊಳ್ಳಿ. ವಯಸ್ಸು ಅರವತ್ತರ ಹತ್ತಿರ. ಬೆಳಿಗ್ಗೆ ಮೊದಲ ಬಸ್ಸಿನ ಹೊತ್ತಿಗೆ ಅಂಗಡಿಯ ಬಾಗಿಲು ತೆಗೆದರೆ ರಾತ್ರಿ ಕೊನೆಯ ಬಸ್ಸು ಹೋದ ಮೇಲೆಯೇ ಮನೆ. ಬಾಯಲ್ಲಿ ಎಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು. ಮೂರು ತಿಂಗಳಿಂದ ಅನ್ನ ನುಂಗುವಾಗ ಎದೆಯ ನಡುವೆ ಎಲ್ಲೋ ಸಿಕ್ಕಿಕೊಂಡ ಹಾಗೆ. ಹಾಗೆಂದು ಕುಚ್ಚಲಕ್ಕಿ ಅನ್ನ ಬಿಟ್ಟು ಗಂಜಿಗೆ ಬಂದಿದ್ದಾರೆ. ಮನೆಯಲ್ಲಿ ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಗಂಜಿ ಉಣ್ಣುವುದು ನಮ್ಮ ಕಡೆ ರೋಗದ ಲಕ್ಷಣವೇ?

ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಓಕರಿಕೆ ಬಂತು. ಒಂದು ಬಾಯಿ ಕೆಂಪು ಬಿತ್ತು. ಮನೆಯವರು ನೋಡಿ ಗಾಬರಿಯಾದರು.

‘ಇದು ರಕ್ತ ಅಲ್ವಾ? ಡಾಕ್ಟ್ರಿಗೆ ತೋರಿಸುವಾ.’

‘ಸುಮ್ಮನಿರು ಮಾರಾಯ್ತಿ. ಉಷ್ಣ ಆದದ್ದು. ಒಂದು ಬೊಂಡ ಕುಡಿದ್ರೆ ಸರಿಯಾಗ್ತದೆ.’

ಬೊಂಡ ಕುಡಿದರು. ಸರಿಯೂ ಆಯಿತು! ಮತ್ತೆ ರಕ್ತ ಬರಲಿಲ್ಲ. ಅಂಗಡಿಗೆ ಹೋದರು, ಲೆಕ್ಕ ಬರೆದರು, ನಾಲ್ಕು ಜನರ ಹತ್ತಿರ ಬೊಂಡದ ಮಹಿಮೆ ಹೇಳಿದರು. ಎರಡನೆಯ ದಿನ ರಾತ್ರಿ ಮತ್ತೆ ಓಕರಿಕೆ. ಈ ಸಲ ಒಂದು ಬಾಯಿ ಅಲ್ಲ, ಬಾಲ್ದಿ.

ಈ ಕಥೆಯಲ್ಲಿ ಅಪಾಯದ ಭಾಗ ಯಾವುದು ಎಂದು ಕೇಳಿದರೆ ಎಲ್ಲರೂ ಬಾಲ್ದಿಯನ್ನು ತೋರಿಸುತ್ತಾರೆ. ಅಲ್ಲ. ಎರಡು ರಕ್ತದ ನಡುವಿನ ಆ ಸುಮ್ಮನಿದ್ದ ದಿನವೇ ಅಪಾಯದ್ದು. ಕೈಯಲ್ಲಿದ್ದ ಸಮಯ ಅದೊಂದೇ. ಅದನ್ನು ಬೊಂಡಕ್ಕೆ ಕೊಟ್ಟು ಕಳೆದದ್ದು.

ಮೊದಲ ರಕ್ತ ಎಂದರೆ ಬೆಲ್ಲು

ಅನ್ನನಾಳ ಎಂದರೆ ಗಂಟಲಿನಿಂದ ಹೊಟ್ಟೆಗೆ ಇಳಿಯುವ ಸುಮಾರು 25 ಸೆಂಟಿಮೀಟರಿನ ಕೊಳವೆ. ಎದೆಯ ಗೂಡಿನಲ್ಲಿ ಅದರ ಮುಂದೆ ಶ್ವಾಸನಾಳ ಮತ್ತು ಹೃದಯ, ಬದಿಯಲ್ಲೂ ಹಿಂದೆಯೂ ಮಹಾಪಧಮನಿ. ಹೃದಯದಿಂದ ಇಡೀ ಶರೀರಕ್ಕೆ ರಕ್ತ ಒಯ್ಯುವ ದೊಡ್ಡ ಪೈಪು ಅದು. ಹಳೆಯ ಪೇಟೆಯ ಅಂಗಡಿಗಳ ಹಾಗೆ ಗೋಡೆಗೆ ಗೋಡೆ ತಾಗಿಕೊಂಡಿದೆ. ಒಂದು ಕಡೆ ಗೆದ್ದಲು ಹಿಡಿದರೆ ನೆರೆಯವನಿಗೂ ನೆಮ್ಮದಿಯಿಲ್ಲ.

ಗಡ್ಡೆ ಬೆಳೆದ ಹಾಗೆ ಅದರ ಮೇಲ್ಮೈ ಹುಣ್ಣಾಗಿ ಕೊಳೆಯುತ್ತದೆ. ಹೆಚ್ಚಿನವರಲ್ಲಿ ರಕ್ತ ನಿಧಾನವಾಗಿ ಜಿನುಗುತ್ತದೆ. ಬಾಯಿಗೆ ಬರುವುದೇ ಇಲ್ಲ, ಹೊಟ್ಟೆಗೆ ಇಳಿದು ಡಾಂಬರಿನ ಹಾಗೆ ಕಪ್ಪಾದ, ಅಂಟುಅಂಟಾದ, ಕೆಟ್ಟ ವಾಸನೆಯ ಮಲವಾಗಿ ಹೊರಗೆ ಬರುತ್ತದೆ. ಮನುಷ್ಯ ಬಿಳಿಚಿಕೊಳ್ಳುತ್ತಾನೆ, ಮೆಟ್ಟಲು ಹತ್ತಿದರೆ ಏದುಸಿರು. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಡಾಂಬರಿನ ಅಂಟು, ಆ ವಾಸನೆ ಇರುವುದಿಲ್ಲ.

ಕೆಲವರಲ್ಲಿ ಮಾತ್ರ ಗಡ್ಡೆ ಗೋಡೆ ಕೊರೆದು ಮಹಾಪಧಮನಿಯನ್ನೇ ಮುಟ್ಟುತ್ತದೆ. ಇದು ಅಪರೂಪ. ಆದರೆ ಬಂದರೆ ಬಹಳ ಕೆಟ್ಟದ್ದು. ಹಾನ್ಸ್ ಚಿಯಾರಿ ಎಂಬ ವೈದ್ಯ ವಿಜ್ಞಾನಿ 1914ರಲ್ಲೇ ಇದರ ಕ್ರಮ ಬರೆದಿಟ್ಟಿದ್ದಾನೆ. ಮೊದಲು ಎದೆಯ ನಡುವೆ ನೋವು. ನಂತರ ಸ್ವಲ್ಪವೇ ಕೆಂಪು ರಕ್ತ. ಮತ್ತೆ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಏನೂ ಇಲ್ಲ. ಕೊನೆಗೆ ಕಟ್ಟೆ ಒಡೆದ ಹಾಗೆ ರಕ್ತ. ನಡುವೆ ರಕ್ತ ನಿಲ್ಲುವುದು ಏಕೆಂದರೆ ತೂತಿನ ಬಾಯಿಗೆ ರಕ್ತದ ಹೆಪ್ಪು ಬಿರಡೆಯ ಹಾಗೆ ಕೂತಿರುತ್ತದೆ. ಬಿರಡೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು.

ಮೊದಲ ರಕ್ತವನ್ನು ಆದ್ದರಿಂದ ಕಂಡಕ್ಟರನ ಬೆಲ್ಲು ಎಂದು ತಿಳಿಯಬೇಕು. ಬಸ್ಸು ಹೊರಡುವ ಸೂಚನೆ ಅದು. ಬೆಲ್ಲು ಕೇಳಿದ ಮೇಲೂ ಚಹಾ ಕುಡಿಯುತ್ತಾ ಕೂತರೆ ತಪ್ಪು ಯಾರದ್ದು?

ರಕ್ತ ವಾಂತಿ ಎಂದರೆಲ್ಲ ಕ್ಯಾನ್ಸರ್ ಎಂದು ಹೆದರಬೇಡಿ. ಹೊಟ್ಟೆಯ ಹುಣ್ಣಿನಿಂದ ಬರುತ್ತದೆ, ಕುಡಿತದಿಂದ ಲಿವರ್ ಕೆಟ್ಟವರಿಗೆ ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ಬರುತ್ತದೆ. ಕೆಮ್ಮಿನ ಜೊತೆ ಬಂದರೆ ಶ್ವಾಸಕೋಶದ್ದಿರಬಹುದು. ಯಾವುದೂ ಮನೆಯಲ್ಲಿ ಕೂತು ಕಾಯುವಂಥದ್ದಲ್ಲ.

ಎಲೆಯಡಿಕೆಯ ಕೆಂಪು ಗುರುತಿಸುವುದು ಸುಲಭ. ಬಾಯಿ ಚೆನ್ನಾಗಿ ಮುಕ್ಕಳಿಸಿ ಎರಡು ಸಲ ಉಗುಳಿದರೆ ಬಣ್ಣ ಹೋಗುತ್ತದೆ. ಎಲೆ ಹಾಕದ ಹೊತ್ತಿನಲ್ಲಿ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಓಕರಿಕೆಯ ಜೊತೆ ಒಳಗಿನಿಂದ ಬಂದ ಕೆಂಪು ಎಲೆಯಡಿಕೆಯದ್ದಲ್ಲ. ಕಾಫಿ ಚರಟದಂತೆ ಕಂದು ಬಣ್ಣದ ವಾಂತಿ ಬಂದರೆ ಅದೂ ರಕ್ತವೇ, ಹೊಟ್ಟೆಯ ಆಮ್ಲದಲ್ಲಿ ಬಣ್ಣ ಬದಲಿಸಿದ ರಕ್ತ. ಸಂಶಯ ಬಂದರೆ ತೋರಿಸುವುದೇ ದಾರಿ.

ಮನೆಯಲ್ಲಿ ಮೊದಲ ಹತ್ತು ನಿಮಿಷ

ದೊಡ್ಡವರ ಶರೀರದಲ್ಲಿ ಇರುವುದು ಸುಮಾರು ಐದು ಲೀಟರ್ ರಕ್ತ. ಅದರಲ್ಲಿ ಎರಡು ಲೀಟರ್ ಹೋದರೆ ಜೀವ ತೂಗುಯ್ಯಾಲೆಯಲ್ಲಿ. ತಣ್ಣಗಿನ ಬೆವರು, ಓಡುವ ನಾಡಿ, ಬಿಳಿಚಿದ ತುಟಿ, ಅರೆಬರೆ ಮಾತು ಕಂಡರೆ ರಕ್ತ ಬಹಳ ಹೋಗಿದೆ ಎಂದು ಅರ್ಥ.

ಮಲಗಿಸುವುದಾದರೆ ಅಂಗಾತ ಬೇಡ, ಎಡ ಮಗ್ಗುಲಿಗೆ. ಅಂಗಾತ ಮಲಗಿಸಿದರೆ ರಕ್ತ ಶ್ವಾಸನಾಳಕ್ಕೆ ಇಳಿಯುತ್ತದೆ. ಇಂಥ ರೋಗಿಗಳಲ್ಲಿ ರಕ್ತ ಹೋಗಿ ಸಾಯುವ ಮೊದಲೇ ಉಸಿರು ಕಟ್ಟಿ ಸಾಯುವವರಿದ್ದಾರೆ. ಪ್ರಜ್ಞೆ ಇದ್ದು ಕೂರಲು ಆಗುವುದಾದರೆ ಮುಂದಕ್ಕೆ ಬಾಗಿ ಕೂರಿಸಿ.

ಬಾಯಿಗೆ ಏನೂ ಹಾಕಬೇಡಿ. ಬೊಂಡ ಬೇಡ, ಪುನರ್ಪುಳಿ ಶರಬತ್ತು ಬೇಡ, ಐಸ್ ನೀರು ಬೇಡ, ಗಂಜಿ ತಿಳಿಯೂ ಬೇಡ. ಆಸ್ಪತ್ರೆಯಲ್ಲಿ ಒಳಗೆ ನಳಿಗೆ ಇಳಿಸಿ ನೋಡುವಾಗ ಹೊಟ್ಟೆ ಖಾಲಿ ಇರಬೇಕು.

108ಕ್ಕೆ ಫೋನು ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿ ಇರುವ ಸೇವೆ ಇದು, ದುಡ್ಡು ಕೊಡಲಿಕ್ಕಿಲ್ಲ. ‘ರಕ್ತ ವಾಂತಿ, ಅನ್ನನಾಳದ ಕ್ಯಾನ್ಸರ್ ರೋಗಿ’ ಎಂದು ಮೊದಲ ಮಾತಿನಲ್ಲೇ ಹೇಳಿ. ಅಂಥವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಡಿ. ಆಟೋದಲ್ಲಿ ಹೋಗಲೇಬೇಕಾದರೆ ಮಗ್ಗುಲಿಗೆ ಮಲಗಿಸಿ, ತಲೆ ಹಿಡಿಯಲು ಇನ್ನೊಬ್ಬರು ಇರಲಿ.

ಜೊತೆಗೆ ನಾಲ್ಕು ವಸ್ತು ಮರೆಯಬಾರದು: ಆಸ್ಪತ್ರೆಯ ಫೈಲು, ರೋಗಿ ನುಂಗುವ ಎಲ್ಲ ಮಾತ್ರೆಗಳು, ರೇಷನ್ ಕಾರ್ಡು, ಆಧಾರ್. ಮಾತ್ರೆಯ ವಿಷಯ ಮುಖ್ಯ. ಹೃದಯಕ್ಕೆಂದು ಆಸ್ಪಿರಿನ್, ರಕ್ತ ತೆಳ್ಳಗೆ ಮಾಡುವ ಮಾತ್ರೆ, ಸೊಂಟ ನೋವಿಗೆಂದು ಮೆಡಿಕಲ್ಲಿನಿಂದ ತಂದ ನೋವಿನ ಗುಳಿಗೆ, ಇವೆಲ್ಲ ರಕ್ತ ನಿಲ್ಲದ ಹಾಗೆ ಮಾಡುತ್ತವೆ. ಕ್ಯಾನ್ಸರ್ ಎಂದು ಗೊತ್ತಾದ ದಿನವೇ ಈ ಪಟ್ಟಿಯನ್ನು ಡಾಕ್ಟರ ಮುಂದೆ ಇಡಬೇಕು. ಆದರೆ ಹೃದಯದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಎಲ್ಲಿಗೆ ಹೋಗುವುದು?

ನಮ್ಮ ಕಡೆಯ ಕಷ್ಟ ಇದು. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿಗೂ ಜಾಸ್ತಿ. ಕಬಕ, ಮಾಣಿ, ಕಲ್ಲಡ್ಕ, ಬಿ.ಸಿ.ರೋಡ್, ಪಂಪ್‌ವೆಲ್ ಎಂದು ದಾಟಬೇಕು. ಕಡಬದವರಿಗೂ ಸುಳ್ಯದ ಹಳ್ಳಿಯವರಿಗೂ ದಾರಿ ಇನ್ನೂ ಉದ್ದ. ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜು ಇದೆ. ಮಂಗಳೂರಿನಲ್ಲಿ ಸರ್ಕಾರದ ವೆನ್ಲಾಕ್, ಹಲವು ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ.

ರಕ್ತ ಧಾರೆಯಾಗಿ ಹೋಗುತ್ತಿರುವಾಗ ನೇರ ಮಂಗಳೂರಿಗೆ ಓಡಿಸುವುದು ಜಾಣತನವಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಎರಡು ಕೈಗೆ ದಪ್ಪ ಸೂಜಿ ಹಾಕಿ, ಡ್ರಿಪ್ ಹರಿಸಿ, ಆಮ್ಲಜನಕ ಕೊಟ್ಟು, ರಕ್ತದ ಗುಂಪು ನೋಡಿ, ಅಗತ್ಯ ಬಿದ್ದರೆ ರಕ್ತ ಏರಿಸಿ, ಆಮೇಲೆ ಕಳಿಸಬೇಕು. ಅಲ್ಲಿನ ಅರ್ಧ ಗಂಟೆ ವ್ಯರ್ಥವಾದದ್ದಲ್ಲ, ದಾರಿಯ ಖರ್ಚಿಗೆ ಕಟ್ಟಿಕೊಂಡ ಬುತ್ತಿ. ಆ ಹೊತ್ತಿನಲ್ಲೇ ಮುಂದಿನ ಆಸ್ಪತ್ರೆಗೆ ಫೋನು ಮಾಡಿಸಿ ಎರಡು ಮಾತು ಕೇಳಿ: ಈ ಹೊತ್ತಿಗೆ ಎಂಡೋಸ್ಕೋಪಿ ಮಾಡುವವರು ಇದ್ದಾರಾ? ಐ.ಸಿ.ಯು. ಹಾಸಿಗೆ ಖಾಲಿ ಉಂಟಾ? ಕೇಳದೆ ಹೊರಟು ಮೂರು ಆಸ್ಪತ್ರೆಯ ಗೇಟು ಸುತ್ತಿದರೆ ಗಂಟೆಗಳು ಹೋಗುತ್ತವೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್.ನವರಿಗೆ ಯೋಜನೆಯ ದರದ ಶೇಕಡಾ 30ರಷ್ಟು. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತು ಚಿಕಿತ್ಸೆಗೆ ನೋಂದಾಯಿತ ಆಸ್ಪತ್ರೆಗೆ ನೇರ ಹೋಗುವ ಅವಕಾಶ ಉಂಟು. ಕಾರ್ಡು ಮನೆಯ ಕಪಾಟಿನಲ್ಲಿ ಇದ್ದರೆ ಮಾತ್ರ ಯಾವ ಯೋಜನೆಯೂ ಕೆಲಸಕ್ಕೆ ಬರುವುದಿಲ್ಲ.

ಒಳಗೆ ಏನು ಮಾಡುತ್ತಾರೆ?

ಆಸ್ಪತ್ರೆಯ ಬಾಗಿಲು ಮುಚ್ಚಿದ ಮೇಲೆ ಹೊರಗೆ ಕೂತವರಿಗೆ ಒಂದೇ ಚಿಂತೆ, ‘ಏನಾದ್ರೂ ಮಾಡ್ತಿದ್ದಾರಾ ಇಲ್ವಾ?’ ಮಾಡುತ್ತಿರುತ್ತಾರೆ.

ಮೊದಲು ಉಸಿರಿನ ದಾರಿ ಭದ್ರ ಮಾಡುತ್ತಾರೆ. ನಂತರ ರಕ್ತ. ರೋಗಿಯ ಸ್ಥಿತಿ ಸ್ವಲ್ಪ ನಿಂತ ಮೇಲೆ ಎಂಡೋಸ್ಕೋಪಿ. ಮಹಾಪಧಮನಿಯ ಸಂಶಯ ಬಂದರೆ ಸ್ಕ್ಯಾನು ಮೊದಲು, ಏಕೆಂದರೆ ಬಿರಡೆಯನ್ನು ಕುಟ್ಟಿ ನೋಡುವ ಕೆಲಸ ಅಪಾಯದ್ದು.

ಸಾದಾ ಹುಣ್ಣಿನ ರಕ್ತವನ್ನು ಕ್ಲಿಪ್ ಹಾಕಿ ನಿಲ್ಲಿಸಬಹುದು. ಗಡ್ಡೆಯಲ್ಲಿ ಅದು ಕಷ್ಟ. ಗೆದ್ದಲು ತಿಂದ ಪಕ್ಕಾಸಿಗೆ ಮೊಳೆ ಹೊಡೆದ ಹಾಗೆ, ಹಿಡಿತ ಸಿಗುವುದಿಲ್ಲ. ಆದ್ದರಿಂದ ರಕ್ತ ಹೆಪ್ಪುಗಟ್ಟಿಸುವ ಪುಡಿಯನ್ನು ನಳಿಗೆಯ ಮೂಲಕ ಎರಚುವ ಕ್ರಮ ಈಗ ಬಂದಿದೆ. ಶಾಖ ಕೊಟ್ಟು ಸುಡುವುದೂ ಉಂಟು. ಕೆಲವರಿಗೆ ಹೊದಿಕೆ ಇರುವ ಸ್ಟೆಂಟ್ ಹಾಕುತ್ತಾರೆ, ಅದು ಒಳಗಿನಿಂದ ಒತ್ತಿ ಹಿಡಿಯುತ್ತದೆ, ಅನ್ನ ಇಳಿಯಲೂ ದಾರಿಯಾಗುತ್ತದೆ. ತೊಡೆಯ ಸಂದಿಯ ರಕ್ತನಾಳದಿಂದ ತೆಳು ನಳಿಗೆ ಹಾಯಿಸಿ, ಗಡ್ಡೆಗೆ ರಕ್ತ ಕೊಡುವ ನಾಳವನ್ನೇ ಮುಚ್ಚುವ ವಿದ್ಯೆಯೂ ದೊಡ್ಡ ಆಸ್ಪತ್ರೆಗಳಲ್ಲಿದೆ. ಮಹಾಪಧಮನಿಗೇ ತೂತಾಗಿದ್ದರೆ ಅದರೊಳಗೆ ಸ್ಟೆಂಟ್ ಕೂರಿಸುವುದುಂಟು. ಖರ್ಚು ಬಹಳ, ಎಲ್ಲರಿಗೂ ಹೊಂದುವುದಿಲ್ಲ, ಅಷ್ಟು ಹೊತ್ತು ರೋಗಿ ಉಳಿದಿರಲೂ ಬೇಕು.

ಪುಡಿ, ಶಾಖ ಇವೆಲ್ಲ ಇವತ್ತಿನ ರಕ್ತ ನಿಲ್ಲಿಸುತ್ತವೆ, ನಾಳೆಯ ಜಾಮೀನು ಕೊಡುವುದಿಲ್ಲ. ಗಡ್ಡೆ ಅಲ್ಲೇ ಉಂಟಲ್ಲ! ಹಾಗಾಗಿ ಮುಂದಿನ ಹೆಜ್ಜೆ ವಿಕಿರಣ ಚಿಕಿತ್ಸೆ, ಜನ ‘ಕರೆಂಟು ಕೊಡುವುದು’ ಎನ್ನುತ್ತಾರಲ್ಲ, ಅದು. ಕೆಲವರಿಗೆ ಒಂದೇ ಸಲ, ಕೆಲವರಿಗೆ ಐದು ಅಥವಾ ಹತ್ತು ಸಲ. ಇದರಿಂದ ಹೆಚ್ಚಿನವರಲ್ಲಿ ರಕ್ತ ನಿಲ್ಲುತ್ತದೆ, ಆದರೆ ಕೆಲವು ದಿನ ಹಿಡಿಯುತ್ತದೆ. ಜಿನುಗುವ ರಕ್ತಕ್ಕೆ ಒಳ್ಳೆಯದು, ಧಾರೆಯಾಗಿ ಹೋಗುವ ರಕ್ತಕ್ಕೆ ಅಷ್ಟು ಪುರುಸೊತ್ತಿಲ್ಲ. ಸಣ್ಣ ರಕ್ತ ಇರುವಾಗಲೇ ಹೋಗಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಹೊರಗೆ ಕೂತವರು ಡಾಕ್ಟರೊಡನೆ ಜಗಳ ಮಾಡುವುದು ಎರಡು ವಿಷಯಕ್ಕೆ. ಒಂದು, ‘ಇನ್ನೊಂದು ಬಾಟ್ಲಿ ರಕ್ತ ಯಾಕೆ ಹಾಕುವುದಿಲ್ಲ?’ ಬಾರ್ಸಿಲೋನದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಮೇಲ್ಭಾಗದ ರಕ್ತಸ್ರಾವದವರಿಗೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ಹೆಚ್ಚು ಜನ ಬದುಕಿದರು, 9ಕ್ಕೇ ಕೊಟ್ಟವರಲ್ಲಿ ಕಡಿಮೆ. ಧಾರೆಯಾಗಿ ಹೋಗುತ್ತಿದ್ದರೆ, ಹೃದಯದ ಕಾಯಿಲೆ ಇದ್ದರೆ ಲೆಕ್ಕ ಬೇರೆ. ಎರಡು, ‘ರಕ್ತ ನಿಲ್ಲುವ ಇಂಜೆಕ್ಷನ್ ಕೊಡಿ.’ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಆ ಮದ್ದನ್ನು ಹನ್ನೆರಡು ಸಾವಿರ ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಬಂತು. ಜಠರ-ಕರುಳಿನ ರಕ್ತಸ್ರಾವದಲ್ಲಿ ಅದು ಸಾವು ಕಡಿಮೆ ಮಾಡಲಿಲ್ಲ, ಕಾಲಿನ ನಾಳ, ಶ್ವಾಸಕೋಶಗಳಲ್ಲಿ ಹೆಪ್ಪುಗಟ್ಟುವುದು ಹೆಚ್ಚಾಯಿತು. ಕೊಡದಿದ್ದರೆ ಅಸಡ್ಡೆ ಎಂದು ತಿಳಿಯಬೇಡಿ.

ರಕ್ತ ಅಂಗಡಿಯಲ್ಲಿ ಸಿಗುವುದಿಲ್ಲ

ದುಡ್ಡು ಕೊಟ್ಟು ರಕ್ತ ಕೊಡುವವರನ್ನು ಹುಡುಕುವ ಕಾಲ ಹೋಯಿತು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರಿಂದ ರಕ್ತ ಮಾರುವ ಕಸುಬು ನಿಷಿದ್ಧ. ಈಗ ಇರುವುದು ದಾನ ಒಂದೇ. ನಮ್ಮ ಪುತ್ತೂರಿನಲ್ಲೇ ರೋಟರಿ ಕ್ಯಾಂಪ್ಕೋ ರಕ್ತನಿಧಿ ಇರುವುದು ಊರಿನ ಭಾಗ್ಯ. ಆದರೆ ರಕ್ತನಿಧಿ ಎಂದರೆ ಬಾವಿ ಅಲ್ಲ, ಟ್ಯಾಂಕಿ. ಯಾರಾದರೂ ತುಂಬಿಸಿದರೆ ಮಾತ್ರ ನಳ್ಳಿಯಲ್ಲಿ ಬರುತ್ತದೆ. ಕೆಂಪು ರಕ್ತಕಣಗಳನ್ನು ಇಡಬಹುದಾದದ್ದು 42 ದಿನ, ಪ್ಲೇಟ್ಲೆಟ್ಟು ಐದೇ ದಿನ.

18 ದಾಟಿದ, 65 ಮೀರದ, 45 ಕಿಲೋಗೆ ಕಡಿಮೆಯಿಲ್ಲದ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಮನೆಯಲ್ಲಿ ಇಂಥ ರೋಗಿ ಇದ್ದರೆ ಅದೇ ಗುಂಪಿನ ನಾಲ್ಕು ಜನರ ಹೆಸರು, ಫೋನ್ ನಂಬ್ರ ಕ್ಯಾಲೆಂಡರಿನ ಹಿಂದೆ ಬರೆದಿಡಿ. ರಾತ್ರಿ ಎರಡು ಗಂಟೆಗೆ ಹುಡುಕುವ ಕೆಲಸ ಅಲ್ಲ ಅದು.

ಹೇಳಲೇಬೇಕಾದ ಕಹಿ ಮಾತು

2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಲಕ್ಷ 11 ಸಾವಿರ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು, ಅದೇ ವರ್ಷ ಸುಮಾರು 4 ಲಕ್ಷ 45 ಸಾವಿರ ಜನ ಇದರಿಂದ ಸತ್ತರು. ಎರಡು ಸಂಖ್ಯೆಯ ನಡುವೆ ಎಷ್ಟು ಕಡಿಮೆ ಜಾಗ ಉಳಿಯಿತು ನೋಡಿ. ಬಹುತೇಕರು ತಡವಾಗಿ ಬರುವುದೇ ಕಾರಣ.

ರೋಗ ತೀರಾ ಮುಂದುವರಿದ ಮೇಲೆ ಒಂದು ದಿನ ಡಾಕ್ಟರು, ‘ಇನ್ನು ದೊಡ್ಡ ರಕ್ತ ಬಂದರೆ ನಿಲ್ಲಿಸಲು ಆಗಲಿಕ್ಕಿಲ್ಲ’ ಎನ್ನಬಹುದು. ಆ ಮಾತು ಕೇಳಿ ಬೈಯಬೇಡಿ. ಹೇಳಿದವರು ಉಪಕಾರವನ್ನೇ ಮಾಡಿದ್ದಾರೆ. ಆಗ ಮನೆಯವರು ಕೂತು ತೀರ್ಮಾನ ಮಾಡಬೇಕು, ರೋಗಿಯನ್ನೂ ಕೇಳಬೇಕು: ಆ ಹೊತ್ತಿಗೆ ಮತ್ತೆ ಆಸ್ಪತ್ರೆಗೆ ಓಡುವುದಾ, ಮನೆಯಲ್ಲೇ ಇರುವುದಾ?

ಮನೆ ಎಂದಾದರೆ ಅದಕ್ಕೂ ತಯಾರಿ ಉಂಟು. ಕಡು ಬಣ್ಣದ ಬೈರಾಸು, ಹೊದಿಕೆ ಹತ್ತಿರ ಇಟ್ಟುಕೊಳ್ಳಬೇಕು. ಬಿಳಿ ಬಟ್ಟೆಯ ಮೇಲೆ ರಕ್ತ ಹತ್ತು ಪಟ್ಟು ಕಾಣುತ್ತದೆ. ರೋಗಿಯೂ ಹೆದರುತ್ತಾನೆ, ಮಕ್ಕಳ ಕಣ್ಣಿನಿಂದ ಆ ದೃಶ್ಯ ಹೋಗುವುದಿಲ್ಲ. ಭಯ, ಸಂಕಟ ಇಳಿಸಿ ಮಂಪರು ತರುವ ಇಂಜೆಕ್ಷನ್ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿ, ಕೊಡುವವರು ಯಾರು ಎಂದು ಗೊತ್ತು ಮಾಡಿಕೊಳ್ಳಬೇಕು. ಮಗ್ಗುಲಿಗೆ ಮಲಗಿಸಿ ಒಬ್ಬರು ಕೈ ಹಿಡಿದು ಕೂತಿರಬೇಕು. ಹೆಚ್ಚಿನ ಸಲ ಅದು ಕೆಲವೇ ನಿಮಿಷದ ಕೆಲಸ. ಇಂಜೆಕ್ಷನ್ ತರಲು ಓಡುವುದಕ್ಕಿಂತ ಕೈ ಬಿಡದೆ ಇರುವುದು ದೊಡ್ಡದು.

ನೋವಿಗೆ ಮಾರ್ಫಿನ್ ಸಿಗುವ ದಾರಿ 2014ರ ಕಾನೂನು ತಿದ್ದುಪಡಿಯ ನಂತರ ಸಲೀಸಾಗಿದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ, ಕೊನೆಯ ದಿನಗಳ ಆರೈಕೆಗೆಂದೇ ಕರುಣಾಶ್ರಯ ಇದೆ. ನೆರೆಯ ಕೇರಳದಲ್ಲಿ ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡುವ ಊರವರ ತಂಡಗಳಿವೆ. ಗಡಿ ದಾಟಿದರೆ ಕಾಸರಗೋಡು. ಅಲ್ಲಿ ಆಗುವುದು ನಮ್ಮ ತಾಲೂಕುಗಳಲ್ಲಿ ಊರೂರಿಗೂ ಏಕಾಗಬಾರದು? ಊರಿಗೊಂದು ಯುವಕ ಮಂಡಲ, ಭಜನಾ ಮಂದಿರ, ಮಸೀದಿ, ಇಗರ್ಜಿ ಇರುವ ಸೀಮೆ ಇದು. ಜನ ಇಲ್ಲ ಎಂದು ಹೇಳುವ ಹಾಗಿಲ್ಲ.

ಕೊನೆಗೆ ಎಲೆಯಡಿಕೆಯ ಮಾತು

ಅಡಿಕೆ ನಮಗೆ ಅನ್ನ ಕೊಟ್ಟ ಬೆಳೆ. 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಅದಕ್ಕಾಗಿ. ಆದರೆ ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿತು. ಹೊಗೆಸೊಪ್ಪು ಸೇರಿದ ಎಲೆಯಡಿಕೆಯಿಂದ ಅನ್ನನಾಳಕ್ಕೂ ಕ್ಯಾನ್ಸರ್ ಎಂದಿತು. 2012ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಸೇರಿಸಿತು. ಬೆಳೆಗಾರರಿಗೆ ಇದು ಕಹಿ, ವಾದ ನಡೆದೇ ಇದೆ. ಬೀಡಿ-ಸಿಗರೇಟು, ಸಾರಾಯಿಯ ಬಗ್ಗೆ ಮಾತ್ರ ವಾದಕ್ಕೆ ಜಾಗವಿಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯವೂ ಬಹುಶಃ ಅಪಾಯ ಎಂದು 2016ರಲ್ಲಿ ಅದೇ ಸಂಸ್ಥೆ ಹೇಳಿದೆ. ಕಲ್ಲಡ್ಕದಲ್ಲಿ ಬಸ್ಸು ನಿಂತಾಗ ಕೆ.ಟಿ. ಕುಡಿಯಿರಿ, ಬೇಡ ಎನ್ನುವುದಿಲ್ಲ. ಡ್ರೈವರ್ ಹಾರ್ನ್ ಹೊಡೆದ ಎಂದು ಕುದಿಯುವುದನ್ನು ಒಂದೇ ಗುಟುಕಿಗೆ ಸುರಿದುಕೊಳ್ಳಬೇಡಿ, ಅಷ್ಟೇ.

ಅಂಗಡಿಯವರಿಗೆ ಒಂದು ಮಾತು. ನಿಮ್ಮ ಎದುರು ದಿನಾ ನಿಲ್ಲುವ ಗಿರಾಕಿಗಳನ್ನು ಅವರ ಮನೆಯವರಿಗಿಂತ ನೀವು ಹೆಚ್ಚು ನೋಡುತ್ತೀರಿ. ಬನ್ನು ತಿನ್ನುತ್ತಿದ್ದವ ಈಗ ಚಹಾದಲ್ಲಿ ಅದ್ದಿದರೆ ಮಾತ್ರ ತಿನ್ನುತ್ತಾನೆ, ಅಂಗಿ ಸಡಿಲವಾಗಿದೆ, ಸ್ವರ ಒಡೆದಿದೆ ಎಂದರೆ ಒಂದು ಮಾತು ಕೇಳಿ. ‘ಎಂತ ಅಣ್ಣಾ, ನುಂಗ್ಲಿಕ್ಕೆ ಕಷ್ಟ ಆಗ್ತದಾ?’ ಎರಡು ವಾರ ಹಾಗೆಯೇ ಇದ್ದರೆ ಎಂಡೋಸ್ಕೋಪಿ ಮಾಡಿಸಲೇಬೇಕು.

ಮತ್ತೆ ಯಾರಾದರೂ ‘ನಿನ್ನೆ ಸ್ವಲ್ಪ ರಕ್ತ ಬಂತು, ಉಷ್ಣ ಆದದ್ದು, ಈಗ ಸರಿಯಾಗಿದೆ’ ಎಂದರೆ ಬೊಂಡ ಕೆತ್ತಲು ಕತ್ತಿ ಹುಡುಕಬೇಡಿ. ಬೆಲ್ಲು ಆಗಿದೆ. ಬಸ್ಸು ಹೊರಡುವ ಮೊದಲು ಅವರನ್ನು ಆಸ್ಪತ್ರೆಗೆ ಮುಟ್ಟಿಸಿ.